ವಾಹನ ಪ್ರಶ್ನೋತ್ತರ: ಎಂಜಿನ್ ಬಿಸಿಯಾಗುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು: ಕಾರು ಓವರ್‌ಹೀಟ್ ಆಗುತ್ತಿದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ಯಾವ ಯಾವ ಪಾರ್ಟ್ ಬದಲಿಸಿದಿರಿ ಅಂತ ಬಹಳ ಜನ ಉದ್ದ ಪಟ್ಟಿ ಕಳಿಸಿದ್ದೀರಿ, ಆದರೆ ಕಾರು ಯಾವಾಗ ಬಿಸಿಯಾಗುತ್ತದೆ ಅಂತ ಬರೆದವರು ಕಡಿಮೆ. ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ, ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೋ? ಇದು ಗೊತ್ತಾದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಅರ್ಧ ಪತ್ತೆ ಮುಗಿದಿರುತ್ತದೆ.

ಒಂದು ಎಚ್ಚರಿಕೆ, ಇದನ್ನು ಮಾತ್ರ ಹಾರಿಸಿ ಓದಬೇಡಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಒಳಗಿನದು ಪ್ರೆಷರ್ ಕುಕ್ಕರ್ ಇದ್ದ ಹಾಗೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೇ 120 ಡಿಗ್ರಿವರೆಗೆ ಕುದಿಯುವುದಿಲ್ಲ, ಅರ್ಧಕ್ಕರ್ಧ ಕೂಲಂಟ್ (ಎಂಜಿನ್ ತಣ್ಣಗಿಡಲು ನೀರಿಗೆ ಬೆರೆಸುವ ದ್ರವ) ಬೆರೆತದ್ದು 130ರ ಹತ್ತಿರದವರೆಗೂ ತಡೆದುಕೊಳ್ಳುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು, ಒಳಗಿನ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತದೆ. ಒಂದು ಗಂಟೆಯಾದರೂ ಬಿಡಿ. ಮೇಲಿನ ಹೋಸ್ ಹಿಚುಕಿದರೆ ಮೆತ್ತಗೆ, ತಣ್ಣಗೆ ಇರಬೇಕು, ಆಮೇಲೆ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ. ಎಲೆಕ್ಟ್ರಿಕ್ ಫ್ಯಾನ್ ಕೂಡ ಎಂಜಿನ್ ಆಫ್ ಇದ್ದಾಗಲೇ ತಾನಾಗಿ ತಿರುಗಬಹುದು. ಬೆರಳು ಹತ್ತಿರ ಹೋಗಬಾರದು.

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ಎಸಿ ಹಾಕಿದ್ದರೆ ಇನ್ನೂ ಬೇಗ. ಸ್ವಲ್ಪ ಸ್ಪೀಡ್ ಹಿಡಿದರೆ ತಾನೇ ಇಳಿಯುತ್ತದೆ. ಗ್ಯಾರೇಜ್‌ನವರು ರೇಡಿಯೇಟರ್ ಬದಲಿಸಬೇಕು ಅನ್ನುತ್ತಾರೆ. ಅದಕ್ಕೂ ಮೊದಲು ಮನೆಯಲ್ಲೇ ಏನಾದರೂ ನೋಡಬಹುದಾ?

ಉತ್ತರ: ನೋಡಬಹುದು. ಮೊದಲು ಫ್ಯಾನ್ ನೋಡಿ, ರೇಡಿಯೇಟರ್ ವಿಷಯ ಆಮೇಲೆ. ಕಾರು ಓಡುವಾಗ ಎದುರು ಗಾಳಿಯೇ ರೇಡಿಯೇಟರ್ ತಣ್ಣಗೆ ಮಾಡುತ್ತದೆ, ಆಗ ಫ್ಯಾನ್‌ಗೆ ಹೆಚ್ಚು ಕೆಲಸ ಇಲ್ಲ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ಜೊತೆಗೆ ಎಸಿ ಹಾಕಿದರೆ ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಬಿಸಿ ಗಾಳಿಯನ್ನು ಹಿಂದಕ್ಕೆ ಕೊಡುತ್ತದೆ, ಹೊರೆ ಇನ್ನೂ ಜಾಸ್ತಿ. ನೀವು ಬರೆದ ಲಕ್ಷಣ ಅಕ್ಷರಶಃ ಫ್ಯಾನ್ ಲಕ್ಷಣ.

ಬಯಲಲ್ಲಿ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮುಚ್ಚಿದ ಶೆಡ್‌ನಲ್ಲಿ ಬೇಡ, ಹೊಗೆ ಅಪಾಯ. ಎಸಿ ಆನ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಲ್ಲೇ ಫ್ಯಾನ್ ತಿರುಗಬೇಕು. ಈಗ ಎಸಿ ಆಫ್ ಮಾಡಿ, ಎಂಜಿನ್ ಕಾಯುವವರೆಗೆ ಬಿಡಿ. ಕಾರಿಗೆ ತಕ್ಕಂತೆ 95ರಿಂದ 105 ಡಿಗ್ರಿ ಹತ್ತಿರ ಫ್ಯಾನ್ ಶುರುವಾಗಬೇಕು, ಸ್ವಲ್ಪ ಓಡಿ ನಿಲ್ಲಬೇಕು, ಮತ್ತೆ ಶುರುವಾಗಬೇಕು. ಎಸಿ ಹಾಕಿದಾಗ ತಿರುಗಿ, ಬಿಸಿಯಾದಾಗ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ ಅಂತಾಯಿತು. ಆಗ ಅನುಮಾನ ಟೆಂಪರೇಚರ್ ಸೆನ್ಸರ್ ಮೇಲೆ, ಅದರ ವೈರಿಂಗ್ ಮೇಲೆ. ಎರಡರಲ್ಲೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅಂದರೆ ಫ್ಯಾನ್‌ಗೆ ಕರೆಂಟ್ ಬಿಡುವ ಸಣ್ಣ ವಿದ್ಯುತ್ ಸ್ವಿಚ್. ರಿಲೇ ಪರೀಕ್ಷೆ ಸುಲಭ: ಅದೇ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇರುತ್ತದೆ, ಎಷ್ಟೋ ಸಲ ಹಾರ್ನಿನದ್ದು. ಎರಡನ್ನೂ ಅದಲು ಬದಲು ಮಾಡಿ ನೋಡಿ.

ಆಮೇಲೂ ತಿರುಗಲಿಲ್ಲವೆಂದರೆ ಮೋಟಾರಿನ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ತಿರುಗಿದರೆ ಮೋಟಾರ್ ಸರಿ. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುತ್ತದೆ ಅಂದರೆ ಒಳಗಿನ ಬ್ರಷ್ ಸವೆದಿದೆ. ಇನ್ನೊಂದು ಸಣ್ಣ ವಿಷಯ ಜನ ನೋಡುವುದೇ ಇಲ್ಲ. ರಿಪೇರಿ ಆದ ಮೇಲೆ ವೈರ್ ಉಲ್ಟಾ ಜೋಡಿಸಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಉಲ್ಟಾ ದಿಕ್ಕಿಗೆ. ಫ್ಯಾನ್ ಓಡುವಾಗ ಕಾರಿನ ಮುಂದಿನ ಗ್ರಿಲ್‌ಗೆ ಒಂದು ಕಾಗದ ಹಿಡಿಯಿರಿ. ಅಂಟಿಕೊಂಡರೆ ಸರಿ, ಹಾರಿ ಹೋದರೆ ವೈರ್ ತಿರುಗಿಸಿ.

ಕೆಲವರು ಡ್ಯಾಶ್‌ಬೋರ್ಡ್‌ನಲ್ಲಿ ಸ್ವಿಚ್ ಇಟ್ಟು ಫ್ಯಾನ್ ಡೈರೆಕ್ಟ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ಗ್ಯಾರೇಜ್ ಮುಟ್ಟುವವರೆಗೆ ಸರಿ. ಕಾಯಂ ಆಗಿ ಬೇಡ. ಫ್ಯೂಸ್ ಇಲ್ಲದ ವೈರ್ ಸುಟ್ಟುಕೊಳ್ಳಬಹುದು, ಸ್ವಿಚ್ ಹಾಕುವುದನ್ನು ಒಂದು ದಿನ ಮರೆತರೆ ಎಂಜಿನ್ನೇ ಹೋಗುತ್ತದೆ.

ಪ್ರಶ್ನೆ: ನನ್ನ ಸಮಸ್ಯೆ ಬೇರೆ. ಊರೊಳಗೆ ಎಷ್ಟು ಹೊತ್ತು ನಿಂತರೂ ಏನೂ ಇಲ್ಲ. ಹೈವೇಯಲ್ಲಿ, ಅದರಲ್ಲೂ ತುಂಬಾ ಜನ ಕೂತು ಏರು ಹತ್ತುವಾಗ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ. ಹೊಸ ಫ್ಯಾನ್ ಹಾಕಿಸಿದೆ, ಏನೂ ಪ್ರಯೋಜನ ಆಗಲಿಲ್ಲ.

ಉತ್ತರ: ಆಗುವುದೂ ಇಲ್ಲ. ಏಕೆಂದರೆ ಆ ಸ್ಪೀಡಲ್ಲಿ ಫ್ಯಾನ್‌ಗೆ ಅಂಥ ಪಾತ್ರವೇ ಇಲ್ಲ. ನಿಮ್ಮಲ್ಲಿ ಎಂಜಿನ್ ಹುಟ್ಟಿಸುವ ಬಿಸಿಯನ್ನು ಹೊತ್ತು ಹೊರಗೆ ಹಾಕುವುದಕ್ಕೆ ನೀರಿನ ಹರಿವು ಸಾಲುತ್ತಿಲ್ಲ, ಇಲ್ಲವೇ ರೇಡಿಯೇಟರ್ ಪೂರ್ತಿ ಕೆಲಸ ಮಾಡುತ್ತಿಲ್ಲ.

ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಹೆಚ್ಚುವರಿ ಕೂಲಂಟ್ ನಿಲ್ಲುವ ಟ್ಯಾಂಕ್ ಮಾತ್ರ ನೋಡಿ ಬಿಡಬೇಡಿ. ರೇಡಿಯೇಟರ್‌ಗೆ ಬೇರೆ ಮುಚ್ಚಳ ಇದ್ದರೆ ಅದನ್ನೂ ತೆಗೆದು ನೋಡಿ. ಟ್ಯಾಂಕ್ ತುಂಬಿದ್ದು ರೇಡಿಯೇಟರ್ ಅರ್ಧ ಖಾಲಿ ಇರುವುದು ಅಪರೂಪವಲ್ಲ. ಮುಚ್ಚಳದ ರಬ್ಬರ್ ಹೋಗಿದ್ದರೆ ತಣ್ಣಗಾಗುವಾಗ ಟ್ಯಾಂಕಿನ ನೀರು ವಾಪಸ್ ಎಳೆದುಕೊಳ್ಳುವುದಿಲ್ಲ.

ಆಮೇಲೆ ಟಾರ್ಚ್ ಹಿಡಿದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ. ಹುಳು, ಧೂಳು, ಒಣ ಎಲೆ ಅಲ್ಲಿ ಕೂತು ಗಾಳಿಯನ್ನೇ ತಡೆಯುತ್ತವೆ, ಮುಂದಿನಿಂದ ನೋಡಿದರೆ ಕಾಣುವುದೂ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಎಂಜಿನ್ ಕಡೆಯಿಂದ ಮುಂದಕ್ಕೆ ತಳ್ಳುವಂತೆ, ಸಾಧಾರಣ ಪೈಪಿನಲ್ಲಿ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್‌ಗಳು ಬಗ್ಗಿ ಮೊದಲಿಗಿಂತ ಕೆಡುತ್ತದೆ.

ಒಳಗೆ ಕಟ್ಟಿಕೊಂಡಿದೆಯಾ ಅಂತ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇದ್ದರೆ ಚೆನ್ನ. ಎಂಜಿನ್ ಚೆನ್ನಾಗಿ ಕಾದ ಮೇಲೆ ರೇಡಿಯೇಟರ್ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸಾಗಿಸಿ. ಬಿಸಿ ಕ್ರಮವಾಗಿ ಇಳಿಯುತ್ತಾ ಹೋಗಬೇಕು. ಮಧ್ಯದಲ್ಲಿ ಒಂದು ತುಂಡು ಮಾತ್ರ ಇದ್ದಕ್ಕಿದ್ದಂತೆ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಹೀಗೆ ಆಗಿದ್ದರೆ ರೇಡಿಯೇಟರ್ ಬದಲಿಸುವ ಮಾತು ನಿಜವಾಗಿಯೂ ಸರಿ.

ಕೆಳಗಿನ ಹೋಸ್ ಮರೆಯಬೇಡಿ. ಅದು ಪಂಪ್ ಎಳೆಯುವ ಕಡೆ. ಹಳೆಯದಾಗಿ ಮೆತ್ತಗಾದ ಹೋಸ್, ಒಳಗಿನ ಸ್ಪ್ರಿಂಗ್ ಕರಗಿ ಹೋಗಿದ್ದರಂತೂ, ಎಂಜಿನ್ ಜೋರಾಗಿ ಓಡಿದಾಗ ಚಪ್ಪಟೆಯಾಗಿ ನೀರನ್ನೇ ತಡೆಯುತ್ತದೆ. ನಿಧಾನಕ್ಕೆ ಓಡುವಾಗ ಏನೂ ಗೊತ್ತಾಗುವುದಿಲ್ಲ. ಯಾರಾದರೂ ಒಳಗೆ ಕೂತು ಎಂಜಿನ್ ಅನ್ನು 3000 ಆರ್‌ಪಿಎಂವರೆಗೆ ಏರಿಸಲಿ, ನೀವು ಬೆಲ್ಟಿನಿಂದ ದೂರ ನಿಂತು ಹೋಸ್ ನೋಡಿ.

ಇವೆಲ್ಲ ಸರಿ ಇದ್ದರೆ ವಾಟರ್ ಪಂಪ್. ಬೆಲ್ಟ್ ಸಡಿಲ ಇರಬಹುದು, ಒಳಗಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ ಚಕ್ರ) ತುಕ್ಕು ತಿಂದಿರಬಹುದು, ಪ್ಲಾಸ್ಟಿಕ್ಕಿನದಾದರೆ ಒಡೆದಿರಬಹುದು. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಸೀಲ್ ಹೋದರೆ ಅಲ್ಲಿಂದ ಜಿನುಗುತ್ತದೆ, ಬಣ್ಣದ ಕಲೆ ಬಿಟ್ಟಿರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಈ ಪಂಪ್ ಎಂಜಿನ್ನಿನ ಕವಾಟಗಳ ತಾಳ ಹಿಡಿಯುವ ಟೈಮಿಂಗ್ ಬೆಲ್ಟಿನಿಂದ ಓಡುತ್ತದೆ. ಅಂಥದ್ದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಹಾಂ, ಕಾರು ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ, ಎಂಜಿನ್ ಸುಮ್ನೆ ಹೆಚ್ಚುವರಿ ಭಾರ ಎಳೆಯುತ್ತಿದೆ. ಅದನ್ನೂ ಒಮ್ಮೆ ನೋಡಿ.

ಪ್ರಶ್ನೆ: ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆಲ್ಲ ಮುಳ್ಳು ಮೇಲೆ. ಒಂದು ಹೋಸ್ ಮುಟ್ಟಲಾರದಷ್ಟು ಬಿಸಿ, ಇನ್ನೊಂದು ಐಸ್ ತರಹ. ಥರ್ಮೋಸ್ಟಾಟ್ ತೆಗೆದು ಬಿಸಾಕಿ, ಬಿಸಿ ಹವೆಗೆ ಅದು ಬೇಕಾಗಿಲ್ಲ ಅಂತ ಮೆಕ್ಯಾನಿಕ್ ಹೇಳುತ್ತಾರೆ. ತೆಗೆಸಲಾ?

ಉತ್ತರ: ಥರ್ಮೋಸ್ಟಾಟ್ ಮೇಲಿನ ಅನುಮಾನ ಸರಿಯಾಗಿದೆ, ಪರಿಹಾರ ಸರಿ ಇಲ್ಲ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಕಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ. ಅದು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ನಿನ ನೀರು ರೇಡಿಯೇಟರ್ ಸುತ್ತಿ ಬರುವುದಿಲ್ಲ, ಅದಕ್ಕೇ ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೆ. ಆದರೆ ರೇಡಿಯೇಟರ್ ಪೂರ್ತಿ ಕಟ್ಟಿದ್ದರೂ, ಪಂಪ್ ನಿಂತಿದ್ದರೂ ಹೀಗೇ ಆಗಬಹುದು. ಬಿಚ್ಚಿ ಪರೀಕ್ಷೆ ಮಾಡಿದರೆ ಖಚಿತ.

ಹಳೆಯ ಪಾತ್ರೆಯಲ್ಲಿ ನೀರು ಹಾಕಿ ಥರ್ಮೋಸ್ಟಾಟ್ ಅನ್ನು ದಾರದಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ನೀರು ಕಾಯಿಸುತ್ತಾ ಹೋಗಿ. ಅದರ ಮೇಲೆಯೇ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 82ರಿಂದ 92ರ ನಡುವೆ. ಆ ಡಿಗ್ರಿಯ ಹತ್ತಿರ ಬಾಯಿ ತೆರೆಯಲು ಶುರು ಮಾಡಬೇಕು, ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಒಳಗೆ ಮೇಣ ಇರುತ್ತದೆ, ಕಾದು ಹಿಗ್ಗಿ ಕವಾಟವನ್ನು ತಳ್ಳುತ್ತದೆ, ಅಷ್ಟೇ ಅದರ ಯಂತ್ರ. ನೀರು ಕುದಿಯುತ್ತಿದ್ದರೂ ಬಾಯಿ ಬಿಡದಿದ್ದರೆ ಅದು ಸತ್ತಿದೆ. ಒಮ್ಮೆ ಬಿಚ್ಚಿದ ಮೇಲೆ ಹೊಸದೇ ಹಾಕಿ, ಗ್ಯಾಸ್ಕೆಟ್ ಜೊತೆಗೆ. ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಗೆ ಹೋಗಬೇಕು, ಗಾಳಿ ಬಿಡುವ ಸಣ್ಣ ತೂತು ಮೇಲೆ ಬರಬೇಕು.

ತೆಗೆದೇ ಬಿಟ್ಟರೆ ಏನಾಗುತ್ತದೆ? ಎಂಜಿನ್ ತನ್ನ ಸರಿಯಾದ ಬಿಸಿಗೆ ಬರುವುದೇ ತಡ. ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ, ಚೆಕ್ ಎಂಜಿನ್ ದೀಪ ಹತ್ತಿ ಪಿ0128 ಕೋಡ್ (ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅನ್ನುವ ಸೂಚನೆ) ಬರಬಹುದು. ಇನ್ನೂ ತಮಾಷೆ ಅಂದರೆ, ಕೆಲವು ಎಂಜಿನ್‌ಗಳಲ್ಲಿ ಇದೇ ಥರ್ಮೋಸ್ಟಾಟ್ ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ತೆರೆದೇ ಇರುತ್ತದೆ, ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ವಾಪಸ್ ಬರುತ್ತದೆ. ಬಿಸಿ ಕಡಿಮೆ ಮಾಡಲು ಹೋಗಿ ಹೆಚ್ಚು ಮಾಡಿಕೊಂಡ ಹಾಗಾಯಿತು, ಅಲ್ವಾ?

ಪ್ರಶ್ನೆ: ವಾರಕ್ಕೊಮ್ಮೆ ಕೂಲಂಟ್ ಹಾಕಬೇಕಾಗಿದೆ. ಕಾರಿನ ಕೆಳಗೆ ಒಂದು ಹನಿಯೂ ಇಲ್ಲ. ಎಲ್ಲಿ ಹೋಗುತ್ತಿದೆ? ಹೆಡ್ ಗ್ಯಾಸ್ಕೆಟ್ ಅಂತ ಹೆದರಿಸುತ್ತಿದ್ದಾರೆ.

ಉತ್ತರ: ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್. ಹೆದರುವ ಮೊದಲು ಸುಲಭದ್ದನ್ನೆಲ್ಲ ತೆಗೆದುಹಾಕೋಣ. ಸಣ್ಣ ಸೋರಿಕೆ ನೆಲಕ್ಕೆ ಬೀಳುವುದೇ ಇಲ್ಲ, ಬಿಸಿ ಲೋಹದ ಮೇಲೆ ಆರಿಹೋಗುತ್ತದೆ. ಆದರೆ ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯಂಥ ಕಲೆ ಉಳಿಯುತ್ತದೆ. ಹೋಸ್ ಕ್ಲಿಪ್‌ಗಳ ಸುತ್ತ, ರೇಡಿಯೇಟರ್‌ನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚಿನಲ್ಲಿ, ಪಂಪಿನ ತೂತಿನ ಕೆಳಗೆ ಹುಡುಕಿ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಆವಿಯಾಗಿ ಹೋಗುತ್ತದೆ, ಹಳೆಯ ಮುಚ್ಚಳ ಬದಲಿಸುವುದು ಸಣ್ಣ ಖರ್ಚು, ಅದನ್ನು ಯೋಚಿಸದೆ ಮಾಡಿ. ಕಾರಿನ ಒಳಗೆ ಮುಂದಿನ ಸೀಟಿನ ಮ್ಯಾಟ್ ಒದ್ದೆಯಾ, ಸಿಹಿ ವಾಸನೆಯಾ, ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜಾ? ಹಾಗಿದ್ದರೆ ಹೀಟರ್ ಕೋರ್, ಅಂದರೆ ಹೀಟರ್ ಒಳಗಿನ ಸಣ್ಣ ರೇಡಿಯೇಟರ್, ಸೋರುತ್ತಿದೆ.

ಇದೇನೂ ಇಲ್ಲ ಅಂದರೆ ಎಂಜಿನ್ನೇ ಕುಡಿಯುತ್ತಿರಬಹುದು. ರಾತ್ರಿಯೆಲ್ಲ ನಿಂತ ತಣ್ಣನೆಯ ಎಂಜಿನ್‌ನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಶುರುವಿನಲ್ಲಿ ನಾಲ್ಕು ಗುಳ್ಳೆ ಬಂದು ನಿಂತರೆ ಗಾಳಿ, ಚಿಂತೆ ಇಲ್ಲ. ನಿಲ್ಲದೆ ಸಾಲಾಗಿ ಗುಳ್ಳೆ ಬರುತ್ತಿದ್ದರೆ, ಎಕ್ಸಲರೇಟರ್ ಒತ್ತಿದಾಗ ಹೆಚ್ಚಾದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಇನ್ನೊಂದು ದಿನ ಮುಚ್ಚಳ ಹಾಕಿ ತಣ್ಣನೆ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷಕ್ಕೇ, ನೀರು ಕಾಯುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದೂ ಇದೇ ಸಾಕ್ಷಿ.

ಬಿಳಿ ಹೊಗೆಗೆ ಬೇಗ ಹೆದರಬೇಡಿ. ಚಳಿಯ ಬೆಳಗ್ಗೆ ಸೈಲೆನ್ಸರ್‌ನಿಂದ ಆವಿ ಬರುವುದು ಸಹಜ. ಎಂಜಿನ್ ಪೂರ್ತಿ ಕಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬಂದರೆ ಮಾತ್ರ ಕೆಟ್ಟ ಸುದ್ದಿ. ಹಾಗೆಯೇ ಆಯಿಲ್ ಮುಚ್ಚಳದ ಕೆಳಗಿನ ಕೆನೆ ಬಣ್ಣದ ಲೇಪ. ದಿನಾ ಸ್ವಲ್ಪ ದೂರ ಮಾತ್ರ ಓಡುವ ಕಾರಿನಲ್ಲಿ ತೇವದಿಂದಲೂ ಅದು ಕೂರುತ್ತದೆ, ಅದೊಂದನ್ನೇ ನೋಡಿ ಎಂಜಿನ್ ಬಿಚ್ಚಲು ಒಪ್ಪಬೇಡಿ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಲು ಬೆರೆತಂತಿದ್ದರೆ, ಮಟ್ಟ ಏರಿದ್ದರೆ, ಆಗ ಕಾರು ಸ್ಟಾರ್ಟ್ ಕೂಡ ಮಾಡಬೇಡಿ.

ಖಚಿತ ಮಾಡಿಕೊಳ್ಳಲು ಒಂದು ರಾಸಾಯನಿಕ ಪರೀಕ್ಷೆ ಇದೆ. ನೀಲಿ ದ್ರವ ತುಂಬಿದ ಕೊಳವೆಯನ್ನು ರೇಡಿಯೇಟರ್ ಬಾಯಿಗಿಟ್ಟು ಒಳಗಿನ ಗಾಳಿ ಎಳೆಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ದ್ರವಕ್ಕೆ ಕೂಲಂಟ್ ತಾಗದಂತೆ ಮಟ್ಟ ಸ್ವಲ್ಪ ಇಳಿಸಿಕೊಂಡಿರಬೇಕು. ಹೆಡ್ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ. ಮಾಡುವುದಿಲ್ಲ ಅನ್ನುವ ಗ್ಯಾರೇಜ್ ಬಿಟ್ಟು ಬೇರೆಯದು ನೋಡುವುದು ಒಳ್ಳೆಯದು. ಫಲಿತಾಂಶ ಹೌದು ಅಂತ ಬಂದರೆ ಓಡಿಸುವುದು ನಿಲ್ಲಿಸಿ, ಅಲ್ಯೂಮಿನಿಯಂ ಹೆಡ್ ಬಿಸಿಗೆ ಸೊಟ್ಟಗಾಗುತ್ತದೆ, ಆಮೇಲೆ ಗ್ಯಾಸ್ಕೆಟ್ ಖರ್ಚಿನಲ್ಲಿ ಮುಗಿಯುವುದಿಲ್ಲ. ಸೋರಿಕೆ ನಿಲ್ಲಿಸುವ ಬಾಟಲಿ ದ್ರವ ಹಾಕಬಹುದಾ ಅಂತಲೂ ಇನ್ನೊಬ್ಬರು ಕೇಳಿದ್ದಾರೆ. ನನ್ನ ಮಟ್ಟಿಗೆ ಬೇಡ. ಸೋರುವ ತೂತಿನ ಜೊತೆಗೆ ಹೀಟರ್ ಮತ್ತು ರೇಡಿಯೇಟರ್‌ನ ಸಣ್ಣ ಕೊಳವೆಗಳನ್ನೂ ಅದು ಮುಚ್ಚಬಹುದು.

ಪ್ರಶ್ನೆ: ನಾನೇ ಕೂಲಂಟ್ ಬದಲಿಸಿದೆ. ಅವತ್ತಿನಿಂದ ಬಿಸಿಯಾಗಲು ಶುರು. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ.

ಉತ್ತರ: ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎಂಜಿನ್ ಬಿಸಿ, ಹೀಟರ್ ತಣ್ಣಗೆ ಅಂದರೆ ನೀರು ಅಲ್ಲಿವರೆಗೆ ಬರುತ್ತಿಲ್ಲ. ಎಂಜಿನ್ ತಣ್ಣಗಿರುವಾಗ ಕಾರಿನ ಮುಂಭಾಗ ಸ್ವಲ್ಪ ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಮಟ್ಟ ಇಳಿದಂತೆ ಕೂಲಂಟ್ ಹಾಕುತ್ತಾ ಬನ್ನಿ, ಹೋಸ್‌ಗಳನ್ನು ಆಗಾಗ ಹಿಚುಕಿ. ಗುಳ್ಳೆ ನಿಂತು ಮಟ್ಟ ಮೇಲೆ ಬರಲು ಶುರುವಾದ ತಕ್ಷಣ, ಕುದಿಯುವ ಮೊದಲೇ, ಮುಚ್ಚಳ ಹಾಕಿ. ಆಮೇಲೆ ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಕಾಯಿರಿ. ಮಾರನೇ ದಿನ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ಹುಡುಕಿ.

ಪ್ರಶ್ನೆ: ಬರೀ ನೀರು ಹಾಕಿದರೆ ಏನಾಗುತ್ತದೆ? ಹಸಿರಿಗೆ ಕೆಂಪು ಬೆರೆಸಬಹುದಾ?

ಉತ್ತರ: ನಡುದಾರಿಯಲ್ಲಿ ಬೇರೆ ಗತಿ ಇಲ್ಲದಾಗ ನೀರು ಹಾಕಿ, ತಪ್ಪಿಲ್ಲ. ಅದನ್ನೇ ಮುಂದುವರಿಸಿದರೆ ತುಕ್ಕು, ಸುಣ್ಣದ ಪದರ, ಕೊನೆಗೆ ಎರಡನೇ ಪ್ರಶ್ನೆಯವರ ಕಥೆ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ, ಹಾಗಾಗಿ ಬಣ್ಣ ನೋಡಿ ಬೆರೆಸಬೇಡಿ, ಮ್ಯಾನ್ಯುಯಲ್ ಹೇಳಿದ ದರ್ಜೆ ನೋಡಿ. ಬೆರೆಸುವ ನೀರು ಡಿಸ್ಟಿಲ್ಡ್ ಇರಲಿ. ಹಳೆಯ ಕೂಲಂಟ್ ತೆರೆದ ಪಾತ್ರೆಯಲ್ಲಿ ಬಿಡಬೇಡಿ. ಹೆಚ್ಚಿನವುಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್, ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ, ಬೆಕ್ಕು ಬಾಯಿ ಹಾಕಬಹುದು.

ಪ್ರಶ್ನೆ: ಮುಳ್ಳು ಯಾವಾಗಲೂ ನಡುವಿನಲ್ಲೇ ಇರುತ್ತದೆ. ಮೊನ್ನೆ ಇದ್ದಕ್ಕಿದ್ದಂತೆ ಮೇಲೆ ಹೋಗಿ, ಮರುಕ್ಷಣ ಪೂರ್ತಿ ಕೆಳಗೆ ಬಿತ್ತು. ಮೀಟರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಬಹುದು, ಆದರೆ ಮೊದಲು ಕೂಲಂಟ್ ನೋಡಿ. ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರು ಖಾಲಿಯಾಗಿ ಅದು ಗಾಳಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಬೀಳಬಹುದು. ಇನ್ನೊಂದು ವಿಷಯ, ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳು ನಿಜವಾದ ಡಿಗ್ರಿ ತೋರಿಸುವುದಿಲ್ಲ. ಸಣ್ಣ ಏರಿಳಿತಕ್ಕೆ ಚಾಲಕರು ಗಾಬರಿಯಾಗದಿರಲಿ ಅಂತ ದೊಡ್ಡ ವ್ಯಾಪ್ತಿಗೆಲ್ಲ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲ್ಲಾಡುವಷ್ಟರಲ್ಲಿ ತಡವಾಗಿರುತ್ತದೆ. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಸಾಕೆಟ್) ಹಾಕುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಒಂದು ಕೊಂಡರೆ ಫೋನಿನಲ್ಲೇ ಸೆನ್ಸರ್ ಕೊಡುವ ಡಿಗ್ರಿ ಕಾಣುತ್ತದೆ. ಮೇಲೆ ಬರೆದ ಫ್ಯಾನ್ ಪರೀಕ್ಷೆಗೂ ಅದೇ ಬೇಕು.

ಪ್ರಶ್ನೆ: ದಾರಿಯಲ್ಲಿ ಬಿಸಿಯಾದರೆ ಹೀಟರ್ ಹಾಕಿ ಅನ್ನುತ್ತಾರಲ್ಲ, ತಮಾಷೆನಾ?

ಉತ್ತರ: ಅಲ್ಲ. ಹೀಟರ್ ಒಳಗಿರುವುದೂ ಒಂದು ಸಣ್ಣ ರೇಡಿಯೇಟರ್. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಮತ್ತು ಬ್ಲೋವರ್ ಪೂರ್ತಿ ಇಡಿ, ಪಕ್ಕಕ್ಕೆ ತಂದು ನಿಲ್ಲಿಸಲು ಬೇಕಾದ ಸಮಯ ಸಿಗುತ್ತದೆ. ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ, ಆವಿ ಕಂಡರೆ, ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ತಣ್ಣಗಾದ ಮೇಲೆ ನೀರು ಹಾಕಿದಾಗ ಹಾಕಿದಷ್ಟೂ ಕೆಳಗೆ ಸುರಿದರೆ ಟೋಯಿಂಗ್ ಗಾಡಿ ಕರೆಯಿರಿ.

ಪ್ರಶ್ನೆ: ಕಾರು ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇದೂ ಓವರ್‌ಹೀಟ್ ಲಕ್ಷಣವಾ?

ಉತ್ತರ: ಕೆಲವು ನಿಮಿಷ ತಿರುಗಿ ನಿಂತರೆ ಕಾರು ಮಾಡಿರುವುದೇ ಹಾಗೆ, ಬಿಡಿ. ಎಂಜಿನ್ ತಣ್ಣಗಾದ ಮೇಲೂ ನಿಲ್ಲದೆ ಬೆಳಗ್ಗೆ ಬ್ಯಾಟರಿ ಖಾಲಿಯಾಗಿದ್ದರೆ ರಿಲೇ ಒಳಗೇ ಅಂಟಿಕೊಂಡಿದೆ. ಅದೊಂದನ್ನು ಕಿತ್ತು ಹೊಸದು ಚುಚ್ಚಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.